ವಾಲೈ ಮೀನಿಗೆ ಕೊಕ್ಕೆಯ ಬಣ್ಣ ಮುಖ್ಯವೇ? ಕಲಿಯುವವರಿಗೆ ನನ್ನ ಟಿಪ್ಪಣಿ

ಅಮೆರಿಕದ ಮಿನೆಸೋಟ ರಾಜ್ಯದ ಕಡೆ ವಾಲೈ (walleye, ಉತ್ತರ ಅಮೆರಿಕದ ಒಂದು ಸಿಹಿನೀರಿನ ಬೇಟೆಗಾರ ಮೀನು) ಹಿಡಿಯಲು ಹೊಸದಾಗಿ ಗಾಳ ಹಿಡಿದ ನಮ್ಮವರು ಅಂಗಡಿಗೆ ಹೋದರೆ ಮೊದಲು ನಿಲ್ಲುವುದು ಕೊಕ್ಕೆಗಳ ಗೋಡೆಯ ಮುಂದೆ. ಕೆಂಪು, ಚಿನ್ನದ ಬಣ್ಣ, ಕಂಚು, ಕಪ್ಪು. ಯಾವುದು ತಗೊಳ್ಳಬೇಕು? ಓದಿದ್ದು ತಲೆಯಲ್ಲಿ ಇನ್ನೂ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಗಂಟು ಹಾಕುವುದು, ರಾಡ್ ಆರಿಸುವುದು ಇಲ್ಲಿಲ್ಲ. ಬಣ್ಣದ ಮಾತು ಮಾತ್ರ.

ಮೊದಲೇ ಉತ್ತರ ಹೇಳಿಬಿಡುತ್ತೇನೆ. ಎರೆಹುಳವನ್ನೋ ಜಿಗಣೆಯನ್ನೋ ಚುಚ್ಚಿದ ಬರೀ ಕೊಕ್ಕೆಯ ಬಣ್ಣಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೊಕ್ಕೆಯ ಮೇಲೆ ಬಣ್ಣ ಬಳಿದ ಸೀಸದ ತಲೆ ಇದ್ದರೆ, ಅಂದರೆ ಜಿಗ್ ಇದ್ದರೆ, ಅಥವಾ ಮುಂದೆ ಮಣಿಯೋ ತಿರುಗುವ ತಗಡೋ ಇದ್ದರೆ, ಆಗ ಬಣ್ಣ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಆದರೆ ಅದನ್ನು ಆರಿಸಬೇಕಾದ್ದು ನೀರು ನೋಡಿ.

ಮೀನಿನ ಕಣ್ಣು

ವಾಲೈ ಕಣ್ಣಿಗೆ ಟಾರ್ಚ್ ಬಿಟ್ಟರೆ ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ರೆಟಿನಾದಲ್ಲಿ ಬೆಳಕನ್ನು ವಾಪಸ್ ಕಳಿಸುವ ಪದರವೊಂದಿದೆ, ಅದೇ ಟಪೀಟಮ್. ಒಮ್ಮೆ ಹಾದುಹೋದ ಬೆಳಕಿಗೆ ಕಣ್ಣಿನಲ್ಲಿ ಎರಡನೇ ಅವಕಾಶ ಸಿಗುತ್ತದೆ. ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ, ಗಾಳಿಗೆ ಅಲೆಯೆದ್ದ ಮಬ್ಬು ನೀರಿನಲ್ಲಿ ಈ ಮೀನು ಚೆನ್ನಾಗಿ ಬೇಟೆಯಾಡುವುದು ಇದರಿಂದಲೇ.

ಬಣ್ಣ ನೋಡುವ ಕೋನ್ ಕೋಶಗಳು ಇದಕ್ಕೆ ಎರಡೇ ಬಗೆ. ಒಂದು ಸುಮಾರು 533 ನ್ಯಾನೋಮೀಟರಿನ (ಬೆಳಕಿನ ಅಲೆಯ ಉದ್ದದ ಅಳತೆ) ಹಸಿರಿಗೆ, ಇನ್ನೊಂದು ಸುಮಾರು 605 ನ್ಯಾನೋಮೀಟರಿನ ಕಿತ್ತಳೆಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ನೀಲಿಗೆಂದೇ ಬೇರೆ ಕೋನ್ ಇಲ್ಲ. ಹಾಗಾಗಿ ಹಸಿರಿನಿಂದ ಕಿತ್ತಳೆವರೆಗಿನ ಪಟ್ಟಿ ಇದರ ಸ್ವಂತ ಊರು. ನೀಲಿ, ನೇರಳೆ ಇದಕ್ಕೆ ಮಂಕು.

ಕತ್ತಲಾಗುತ್ತಾ ಹೋದಂತೆ ಕೋನ್‌ಗಳು ಕೆಲಸ ಬಿಡುತ್ತವೆ, ರಾಡ್ ಕೋಶಗಳು ಹೊಣೆ ಹೊರುತ್ತವೆ. ರಾಡ್‌ಗೆ ಬಣ್ಣ ಗೊತ್ತಿಲ್ಲ, ಬೆಳ್ಳಗೆ ಕಪ್ಪಗೆ ಮಾತ್ರ ಗೊತ್ತು. ಅಂದರೆ ವಾಲೈ ಚೆನ್ನಾಗಿ ಕಚ್ಚುವ ಹೊತ್ತಿನ ಒಂದು ಪಾಲಿನಲ್ಲಿ 'ಯಾವ ಬಣ್ಣ' ಎಂಬ ಪ್ರಶ್ನೆಯೇ ಇರುವುದಿಲ್ಲ. 'ಹಿನ್ನೆಲೆಗಿಂತ ಬೆಳ್ಳಗಿದೆಯಾ ಕಪ್ಪಗಿದೆಯಾ' ಅನ್ನುವುದಷ್ಟೇ ಉಳಿಯುತ್ತದೆ.

ಕೆಂಪು ಮೊದಲು ಮಾಯ: ಈ ಮಾತನ್ನು ನಿಧಾನವಾಗಿ ಬಿಡಿಸೋಣ

ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದು. ಗಾಳದ ಬಗ್ಗೆ ಯಾರು ಮಾತಾಡಿದರೂ 'ಆಳಕ್ಕೆ ಹೋದಂತೆ ಕೆಂಪು ಮೊದಲು ಮಾಯವಾಗುತ್ತದೆ' ಎನ್ನುತ್ತಾರೆ. ಅದೇ ಉಸಿರಿನಲ್ಲಿ 'ಕಂದು ನೀರಿನ ಕೆರೆಗೆ ಕಿತ್ತಳೆ, ಚಿನ್ನದ ಬಣ್ಣ ಒಳ್ಳೆಯದು' ಎಂದೂ ಹೇಳುತ್ತಾರೆ. ಎರಡೂ ಹೇಗೆ ಸರಿ? ಕಿತ್ತಳೆ, ಚಿನ್ನ ಎರಡೂ ಕೆಂಪಿನ ಕಡೆಯವೇ ಅಲ್ವಾ?

ಮೊದಲು ಶುದ್ಧ ನೀರು. ನೀರು ತಾನೇ ಕೆಂಪು ಬೆಳಕನ್ನು ಹೀರುತ್ತದೆ. 650 ನ್ಯಾನೋಮೀಟರಿನ ಕೆಂಪು ಒಂದು ಮೀಟರ್ ದಾಟುವಷ್ಟರಲ್ಲಿ ಹತ್ತಿರ ಹತ್ತಿರ 30% ಹೋಗುತ್ತದೆ. ಮುಂದಿನ ಮೀಟರಿನಲ್ಲಿ ಉಳಿದದ್ದರ 30%. ಹೀಗೆ ಹೋದರೆ 5 ಮೀಟರಿಗೆ ಸುಮಾರು 18% ಉಳಿಯುತ್ತದೆ, 10 ಮೀಟರಿಗೆ ಬರೀ 3%. ಅದೇ ಹಸಿರು ಬೆಳಕು 5 ಮೀಟರಿನಲ್ಲೂ ಸುಮಾರು 80% ಉಳಿದಿರುತ್ತದೆ. ನೀಲಿ ಇನ್ನೂ ಜಾಸ್ತಿ. ಮೊದಲ ಮಾತು ಸರಿಯಾಯಿತು.

ಈಗ ಕಂದು ನೀರು. ಮಿನೆಸೋಟದ ಉತ್ತರ ಗಡಿಯ ಲೇಕ್ ಆಫ್ ದ ವುಡ್ಸ್ ನೋಡಿ. ಸುತ್ತಲಿನ ಜೌಗಿನಲ್ಲಿ ಕೊಳೆತ ಎಲೆ, ಪಾಚಿಯ ಸಾರ ಇಳಿದು ನೀರು ತೆಳುವಾದ ಡಿಕಾಕ್ಷನ್ ಬಣ್ಣಕ್ಕೆ ಬಂದಿರುತ್ತದೆ. ಈ ಸಾರ ಮೊದಲು ತಿನ್ನುವುದು ನೀಲಿ, ನೇರಳೆಯನ್ನು. ಆಮೇಲೆ ಹಸಿರಿಗೂ ಕೈ ಹಾಕುತ್ತದೆ. ಕೆಂಪನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಕಂದು ನೀರಿನಲ್ಲಿ ಕೆಂಪು ಬೆಳಕು ಹೆಚ್ಚು ಆಳಕ್ಕೆ ಹೋಗುತ್ತದೆ ಎಂದು ಇದರರ್ಥವಲ್ಲ. ಅಲ್ಲಿಯೂ ನೀರು ನೀರೇ, ಮೀಟರಿಗೆ ಅದೇ 30% ತಿನ್ನುತ್ತದೆ. ವ್ಯತ್ಯಾಸ ಇಷ್ಟೇ: ಕೆಂಪಿಗಿಂತ ಮುಂದೆ ಓಡುತ್ತಿದ್ದ ನೀಲಿ, ಹಸಿರುಗಳು ಈಗ ಕೆಂಪಿಗಿಂತ ಬೇಗ ಸಾಯುತ್ತಿವೆ. ಹಾಗಾಗಿ ಕೆಳಗೆ ಉಳಿದಿರುವ ಮಂದ ಬೆಳಕಿನಲ್ಲಿ ಕಿತ್ತಳೆ, ಕೆಂಪಿನ ಪಾಲು ದೊಡ್ಡದು. ಒಟ್ಟು ಬೆಳಕು ಕಡಿಮೆ, ಅದರೊಳಗೆ ಕೆಂಪಿನ ಪಾಲು ಹೆಚ್ಚು. ಈ ಎರಡನ್ನು ಬೇರೆ ಬೇರೆ ಇಟ್ಟುಕೊಂಡರೆ ಗೊಂದಲ ಬಿಡುತ್ತದೆ. ಲೇಕ್ ಆಫ್ ದ ವುಡ್ಸ್‌ನಲ್ಲಿ ಚಿನ್ನದ ಬಣ್ಣದ ಜಿಗ್ಗಿಗೆ ಅಷ್ಟು ಹೆಸರಿರುವುದು ಇದಕ್ಕೆ ಸರಿಹೊಂದುತ್ತದೆ. ಅಲ್ಲಿ ಇರುವ ಬೆಳಕನ್ನೇ ಅದು ತಿರುಗಿಸಿ ಕೊಡುತ್ತದೆ.

ಇನ್ನೊಂದು ಮಾತು 'ಮಾಯ' ಅನ್ನುವುದರ ಬಗ್ಗೆ. ಬಣ್ಣ ಹೋದರೆ ವಸ್ತು ಹೋಗುವುದಿಲ್ಲ. ಕೆಂಪು ಕೊಕ್ಕೆ ಕೆಂಪಾಗಿ ಕಾಣುವುದು ಅದರ ಮೇಲೆ ಕೆಂಪು ಬೆಳಕು ಬಿದ್ದಾಗ. ಬೀಳದಿದ್ದರೆ ಅದು ಕಪ್ಪು ಕೊಕ್ಕೆ. ತಿಳಿ ನೀರಿನ 10 ಮೀಟರ್ ಆಳದಲ್ಲಿ 'ಕೆಂಪು ಕೊಕ್ಕೆ ರಕ್ತದ ಹಾಗೆ ಕಾಣುತ್ತದೆ' ಎಂಬ ವಾದ ನಿಲ್ಲುವುದಿಲ್ಲ. ಆದರೆ ಕಪ್ಪು ಆಕಾರವೂ ಕಾಣುವ ಆಕಾರವೇ. ವಾಲೈ ಕೆಳಗಿನಿಂದ ಮೇಲಕ್ಕೆ ನೋಡುವಾಗ, ಬೆಳ್ಳನೆ ಹಿನ್ನೆಲೆಯಲ್ಲಿ, ಕಪ್ಪೇ ಎದ್ದು ಕಾಣಬಹುದು.

ದೂರವನ್ನೂ ಮರೆಯಬೇಡಿ. ಬೆಳಕು ಮೇಲಿನಿಂದ ಕೊಕ್ಕೆಗೆ ಬಂದು, ಅಲ್ಲಿಂದ ಮೀನಿನ ಕಣ್ಣಿಗೆ ಹೋಗಬೇಕು. ಕೊಕ್ಕೆ 4 ಮೀಟರ್ ಆಳದಲ್ಲಿದ್ದು ಮೀನು 2 ಮೀಟರ್ ದೂರದಲ್ಲಿದ್ದರೆ, ಲೆಕ್ಕ ಹಾಕಬೇಕಾದ್ದು 6 ಮೀಟರಿಗೆ.

ಫ್ಲೋರೊಸೆಂಟ್ ಬಣ್ಣಗಳು ಮಾತ್ರ ಈ ಲೆಕ್ಕದಿಂದ ಸ್ವಲ್ಪ ಹೊರಗೆ. ಫ್ಲೋರೊಸೆಂಟ್ ಕಿತ್ತಳೆ ಹಸಿರು ಬೆಳಕನ್ನು ನುಂಗಿ ಕಿತ್ತಳೆಯಾಗಿ ಉಗುಳುತ್ತದೆ. ಕೆಂಪು ಬೆಳಕೇ ಇಲ್ಲದ ಆಳದಲ್ಲೂ ಅದು ಕಿತ್ತಳೆಯಾಗೇ ಹೊಳೆಯುವುದು ಅದಕ್ಕೇ.

ಈರಿ ಸರೋವರ ಕಲಿಸುವ ಪಾಠ

ಅಮೆರಿಕ-ಕೆನಡಾ ಗಡಿಯ ಲೇಕ್ ಈರಿಯ ಪಶ್ಚಿಮ ಭಾಗ ಬಣ್ಣ ಕಲಿಯಲು ಒಳ್ಳೆಯ ಜಾಗ. ಆಳ ಕಡಿಮೆ, ನೀರು ಬದಲಾಗುತ್ತಲೇ ಇರುತ್ತದೆ. ವಸಂತದಲ್ಲಿ ಮೌಮಿ ನದಿ ಮಣ್ಣು ತರುತ್ತದೆ, ಬೇಸಿಗೆಯ ಕೊನೆಗೆ ಹಸಿರು ಪಾಚಿ ಕಟ್ಟುತ್ತದೆ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಬಾಡಿಗೆ ದೋಣಿಯ ಕ್ಯಾಪ್ಟನ್‌ಗಳಿಂದ ಯಾವ ನೀರಿಗೆ ಯಾವ ಬಣ್ಣ ಎಂದು ಮಾಹಿತಿ ಪಡೆದು 2020ರಲ್ಲಿ ಪ್ರಕಟಿಸಿದರು. ತಿಳಿ ನೀರಿಗೆ ಬಿಳಿ, ಮಣ್ಣು ನೀರಿಗೆ ಹಳದಿ, ಪಾಚಿ ನೀರಿಗೆ ಕಪ್ಪು. ಕಪ್ಪು ಬಂದದ್ದು ನನಗೆ ತುಂಬ ಇಷ್ಟವಾಯಿತು. ಹಸಿರು ತುಂಬಿದ ನೀರಿನಲ್ಲಿ ಹಸಿರು ಗಾಳ ಹಿನ್ನೆಲೆಗೆ ಸೇರಿಹೋಗುತ್ತದೆ, ಕಪ್ಪು ಸೇರುವುದಿಲ್ಲ. ಹೊಳಪಿಗಿಂತ ಹಿನ್ನೆಲೆಯಿಂದ ಬೇರೆಯಾಗಿ ಕಾಣುವುದು ಮುಖ್ಯ. ಆದರೆ ಇದು ಬಣ್ಣ ಬಳಿದ ದೊಡ್ಡ ಕೃತಕ ಗಾಳಗಳ ಮಾತು, ಬರೀ ಕೊಕ್ಕೆಯದಲ್ಲ.

ನನ್ನ ಸುಲಭ ದಾರಿ: ಬಿಳಿ ಜಿಗ್

ಹೊಸ ಕೆರೆಗೆ ಹೋದ ಕೂಡಲೇ, ಇನ್ನೂ ಬಿಸಿಲಿರುವಾಗ, ದೋಣಿಯ ನೆರಳಿಲ್ಲದ ಕಡೆ ಒಂದು ಬಿಳಿ ಜಿಗ್ ನೇರವಾಗಿ ಇಳಿಬಿಡಿ. ಬಿಳಿ ಅಲ್ಲಿರುವ ಎಲ್ಲ ಬೆಳಕನ್ನೂ ಹಿಂದಕ್ಕೆ ಕಳಿಸುತ್ತದೆ. ಇಳಿಯುತ್ತಾ ಅದು ಯಾವ ಬಣ್ಣಕ್ಕೆ ತಿರುಗುತ್ತದೋ ಆ ನೀರಿನಲ್ಲಿ ಉಳಿಯುವ ಬೆಳಕು ಅದೇ. ಹಸಿರಾಗುತ್ತಾ ಬಂದರೆ ಹಸಿರು ನೀರು. ಹಳದಿಯಾಗಿ, ಕಿತ್ತಳೆಯಾಗಿ, ಕಂದಾಗಿ ಮುಳುಗಿದರೆ ಡಿಕಾಕ್ಷನ್ ನೀರು. ನಿಮಗೆ ಕಾಣುವ ಬೆಳಕು ಕೆಳಗೆ ಹೋಗಿ ಮತ್ತೆ ಮೇಲೆ ಬಂದದ್ದು ಎಂಬುದು ನೆನಪಿರಲಿ. ಒಂದು ಮೀಟರ್ ಆಳದಲ್ಲಿ ನೀವು ನೋಡುವ ಬಣ್ಣ ಎರಡು ಮೀಟರ್ ನೀರು ದಾಟಿದ ಬಣ್ಣ.

ಆಮೇಲೆ ಎರಡು ಜಿಗ್ ಸಾಕು. ಬಿಳಿ ಜಿಗ್ ಯಾವ ಬಣ್ಣಕ್ಕೆ ತಿರುಗಿತೋ ಆ ಬಣ್ಣದ್ದೊಂದು, ಅದು ಹೊಳೆಯುತ್ತದೆ. ಕಪ್ಪನೆಯದೊಂದು, ಅದು ನೆರಳಾಗಿ ಕಾಣುತ್ತದೆ; ಪಾಚಿ ತುಂಬಿದ ಹಸಿರು ನೀರಿನಲ್ಲಿ ಮೊದಲು ಇದನ್ನೇ ಬಿಡಿ. ನೀಲಿಗೆ ನಾನು ದುಡ್ಡು ಹಾಕುವುದಿಲ್ಲ.

ಹಾಗಾದರೆ ಬರೀ ಕೊಕ್ಕೆ?

ಜಿಗಣೆಗೆ 6 ಅಥವಾ 8ನೇ ನಂಬರ್ ಕೊಕ್ಕೆ ಹಾಕುತ್ತೀರಿ. ತಂತಿ ಸಣ್ಣ, ಅರ್ಧ ಭಾಗ ಜಿಗಣೆಯೊಳಗೆ. ಮೀನಿಗೆ ಕಾಣುವುದು ನುಲಿಯುತ್ತಿರುವ ಜಿಗಣೆ. ತೆಳು ತಂತಿ, ಚೂಪು ಮೊನೆ, ಎರೆ ಸಾಯದಂತೆ ಚುಚ್ಚುವುದು, ಇವು ಬಣ್ಣಕ್ಕಿಂತ ಮುಖ್ಯ. ಕೆಂಪು ಕೊಕ್ಕೆ ಇದ್ದರೆ ಬಳಸಿ, ಅದಕ್ಕೆಂದೇ ಹೆಚ್ಚು ಕೊಡಬೇಡಿ.

ಪರೀಕ್ಷೆ ಮಾಡುವ ಆಸೆ ಇದ್ದರೆ ಒಂದು ಎಚ್ಚರ. ಮಿನೆಸೋಟದಲ್ಲಿ ತೆರೆದ ನೀರಿನಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಗಾಳ, ಮಂಜುಗಡ್ಡೆಯ ಮೇಲಾದರೆ ಎರಡು. ಬೇಸಿಗೆಯಲ್ಲಿ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಒಂದೇ ದೋಣಿ, ಒಂದೇ ಆಳ, ಒಂದೇ ಎರೆ, ಕೊಕ್ಕೆಯ ಬಣ್ಣ ಮಾತ್ರ ಬೇರೆ. ಅರ್ಧ ಹೊತ್ತಿಗೆ ಕೊಕ್ಕೆ ಅದಲು ಬದಲು ಮಾಡಿಕೊಳ್ಳಿ, ಇಲ್ಲದಿದ್ದರೆ ಕೈ ಚಳಕ ಯಾರದು, ಬಣ್ಣದ ಗುಣ ಯಾವುದು ಗೊತ್ತಾಗುವುದಿಲ್ಲ. ಮೀನು ಕಚ್ಚಿದ ಗಂಟೆಯನ್ನೂ ಬರೆದಿಡಿ. ಸೂರ್ಯ ಮುಳುಗಿದ ಮೇಲೆ ಸಿಕ್ಕಿದ ಮೀನನ್ನು ಬಣ್ಣದ ಲೆಕ್ಕಕ್ಕೆ ಸೇರಿಸಬೇಡಿ.