ಬಂಡೆಹೊಂಡದ ಮೀನನ್ನು ಸಮುದ್ರಕ್ಕೆ ಬಿಡಬೇಕಾ?

ಪ್ರತಿ ವರ್ಷ ದಸರಾ ರಜೆ, ಕ್ರಿಸ್‌ಮಸ್ ರಜೆ ಮುಗಿಯುತ್ತಿದ್ದಂತೆ ಈ ಪ್ರಶ್ನೆ ಬಂದೇ ಬರುತ್ತದೆ. "ಗೋಕರ್ಣಕ್ಕೆ ಹೋಗಿದ್ವಿ ಮೇಡಂ. ಓಂ ಬೀಚಿನ ಬಂಡೆಗಳ ಸಂದಿಯ ಹೊಂಡದಲ್ಲಿ ಮೀನುಮರಿಗಳು ಸಿಕ್ಕಿಹಾಕಿಕೊಂಡಿದ್ದವು. ನೀರು ಇಳಿದುಹೋಗಿತ್ತು, ಬಿಸಿಲು ಬೇರೆ. ಮಕ್ಕಳು ಅವನ್ನು ಲೋಟದಲ್ಲಿ ಹಿಡಿದು ಸಮುದ್ರಕ್ಕೆ ಬಿಟ್ಟರು. ಒಳ್ಳೇದೇ ಆಯ್ತು ಅಲ್ವಾ?"

ಇಲ್ಲ, ಒಳ್ಳೇದಾಗಲಿಲ್ಲ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಂದು ಸಲ ಹೇಳುತ್ತೇನೆ. ಮಕ್ಕಳ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮೀನಿನ ಮನೆಯೇ ಆ ಹೊಂಡ.

ಮುಂದಿನ ಸಲ ಆ ಮೀನನ್ನು ಸ್ವಲ್ಪ ಹೊತ್ತು ನೋಡಿ. ಬೆರಳುದ್ದ ಇರುತ್ತದೆ. ಮೈಮೇಲೆ ಮರಳಿನ ಬಣ್ಣದ ಕಲೆಗಳು, ದಪ್ಪ ತಲೆ, ಕಣ್ಣು ನೆತ್ತಿಯ ಹತ್ತಿರ. ಸುಮ್ನೆ ಕಲ್ಲಿನ ಮೇಲೆ ಕೂತಿರುತ್ತದೆ, ನೀವು ಬಗ್ಗಿದ ಕೂಡಲೇ ಚಕ್ಕಂತ ಸಂದಿಯೊಳಗೆ ಮಾಯ. ನಮ್ಮ ಕಡೆಯ ಹೊಂಡಗಳಲ್ಲಿ ಹೀಗೆ ಕಾಣುವವು ಹೆಚ್ಚಾಗಿ ಗೋಬಿ ಕುಟುಂಬದವು. ಇವುಗಳ ಹೊಟ್ಟೆಯ ಕೆಳಗಿನ ಎರಡು ಈಜುರೆಕ್ಕೆಗಳು ಕೂಡಿಕೊಂಡು ಬಟ್ಟಲಿನ ಹಾಗೆ ಆಗಿವೆ. ಅಲೆ ಬಡಿದಾಗ ಅದರಿಂದಲೇ ಕಲ್ಲಿಗೆ ಕಚ್ಚಿಕೊಂಡು ಕೂರುತ್ತವೆ. ಆಳ ಸಮುದ್ರದಿಂದ ದಾರಿ ತಪ್ಪಿ ಬಂದ ಮೀನಿಗೆ ಇಂಥ ಬಟ್ಟಲು ಯಾಕೆ ಬೇಕು, ಹೇಳಿ?

"ಸರಿ, ಆದರೆ ನೀರು ಬಿಸಿಯಾಗಿ ಸಾಯೋದಿಲ್ವಾ?" ಇದು ಎರಡನೇ ಪ್ರಶ್ನೆ, ಇದೂ ತಪ್ಪದೆ ಬರುತ್ತದೆ. ಬಂಡೆಹೊಂಡದಲ್ಲಿ ಬದುಕೋದು ಸುಲಭ ಅಂತ ನಾನು ಹೇಳುತ್ತಿಲ್ಲ. ಮಧ್ಯಾಹ್ನ ನೀರು ಕಾಯುತ್ತದೆ, ಆವಿಯಾಗಿ ಉಪ್ಪು ಜಾಸ್ತಿಯಾಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಬಿಸಿಲಿಗೆ ಆ ಲೆಕ್ಕ ಮೇಲೆ ಹೋಗುತ್ತದೆ, ಒಂದು ಜೋರು ಮಳೆ ಸುರಿದರೆ ಅರ್ಧ ಗಂಟೆಯಲ್ಲಿ ಕೆಳಗಿಳಿಯುತ್ತದೆ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ಹಸಿರು ಪಾಚಿಯ ಮೇಲೆ ಸಣ್ಣ ಗುಳ್ಳೆಗಳು ಕೂತಿರೋದು ಬರಿಗಣ್ಣಿಗೇ ಕಾಣುತ್ತದೆ. ರಾತ್ರಿ ಅದೇ ಪಾಚಿ, ಏಡಿ, ಮೀನು, ಬಸವನಹುಳು ಎಲ್ಲವೂ ಸೇರಿ ಅದನ್ನು ಬಳಸಿ ಮುಗಿಸುತ್ತವೆ. ಇಷ್ಟೆಲ್ಲ ಏರುಪೇರು ದಿನವೂ ನಡೆಯುತ್ತದೆ, ಇದನ್ನು ತಡೆದುಕೊಳ್ಳುವ ಜೀವಿಗಳೇ ಅಲ್ಲಿ ಉಳಿದಿರುವುದು. ನಿಮ್ಮ ಪ್ಲಾಸ್ಟಿಕ್ ಲೋಟದಲ್ಲಿರೋದು ನಾಲ್ಕು ಗುಟುಕು ನೀರು. ಅದು ಹೊಂಡಕ್ಕಿಂತ ಬೇಗ ಕಾಯುತ್ತದೆ.

ಇನ್ನು ಸಮುದ್ರಕ್ಕೆ ಬಿಟ್ಟ ಮೇಲೆ ಏನಾಗುತ್ತದೆ ಅಂತ ಯಾರೂ ಕೇಳೋದಿಲ್ಲ. ಅಲ್ಲಿ ಅಡಗಲು ಪರಿಚಯದ ಸಂದಿ ಇಲ್ಲ, ದೊಡ್ಡ ಮೀನುಗಳು ಇವೆ. ಹೊಂಡದಲ್ಲಿ ಇಳಿತದ ಹೊತ್ತಿನಲ್ಲಾದರೂ ಅವುಗಳ ಕಾಟ ಇರಲಿಲ್ಲ. ಅದಕ್ಕಿಂತ ನನಗೆ ಸಂಕಟವಾಗೋದು ಇನ್ನೊಂದು ಕಾರಣಕ್ಕೆ. ಈ ಗೋಬಿಗಳಲ್ಲಿ ಹೆಣ್ಣು ಕಲ್ಲಿನ ಅಡಿಯಲ್ಲಿ ಮೊಟ್ಟೆ ಅಂಟಿಸಿ ಹೋಗುತ್ತದೆ, ಕಾಯುವುದು ಗಂಡು. ಮಕ್ಕಳ ಲೋಟಕ್ಕೆ ಬಿದ್ದದ್ದು ಆ ಗಂಡೇ ಆಗಿದ್ದರೆ ಹಿಂದೆ ಉಳಿದ ಮೊಟ್ಟೆಗಳನ್ನು ಏಡಿ ತಿಂದು ಮುಗಿಸಿರುತ್ತದೆ.

ಈ ಮೀನುಗಳಿಗೆ ತಮ್ಮ ಜಾಗ ಎಷ್ಟು ಚೆನ್ನಾಗಿ ಗೊತ್ತು ಅನ್ನೋದನ್ನು ಲೆಸ್ಟರ್ ಅರಾನ್ಸನ್ ಅನ್ನುವ ವಿಜ್ಞಾನಿ 1951ರಲ್ಲೇ ತೋರಿಸಿದ್ದಾರೆ. ಬಹಾಮಾಸ್‌ನ ಬಿಮಿನಿಯಲ್ಲಿ ನಮ್ಮ ಗೋಬಿಗಳ ದಾಯಾದಿ ಜಾತಿಯೊಂದನ್ನು ಅವರು ಗಮನಿಸಿದರು. ಬೆದರಿಸಿದರೆ ಅದು ಹೊಂಡದಿಂದ ಹಾರಿ ಪಕ್ಕದ ಹೊಂಡಕ್ಕೇ ಸರಿಯಾಗಿ ಬೀಳುತ್ತಿತ್ತು. ಪಕ್ಕದ ಹೊಂಡ ಇದ್ದಲ್ಲಿಂದ ಕಾಣುತ್ತಲೂ ಇರಲಿಲ್ಲ! ಉಬ್ಬರದಲ್ಲಿ ಬಂಡೆ ಪೂರ್ತಿ ಮುಳುಗಿದಾಗ ಅದರ ಮೇಲೆ ಈಜಾಡಿ, ಎಲ್ಲಿ ತಗ್ಗು ಎಲ್ಲಿ ದಿಬ್ಬ ಅಂತ ತಿಳಿದುಕೊಂಡಿರುತ್ತದೆ, ಇಳಿತದಲ್ಲಿ ಆ ನೆನಪಿನ ಮೇಲೆ ಹಾರುತ್ತದೆ. ಮುಂದೆ ಮಾಡಿದ ಪ್ರಯೋಗಗಳಲ್ಲಿ 40 ದಿನ ಕಳೆದರೂ ನೆನಪು ಉಳಿದಿತ್ತು. ನಾನು ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ. ಇಂಥ ಮೀನನ್ನು ಎತ್ತಿ ಗುರುತಿಲ್ಲದ ಜಾಗಕ್ಕೆ ಎಸೆದು ಉಪಕಾರ ಮಾಡಿದೆವು ಅಂದರೆ ಹೇಗೆ?

ಒಮ್ಮೊಮ್ಮೆ ಹೊರಗಿನ ಮೀನುಮರಿಯೂ ಹೊಂಡದಲ್ಲಿ ಉಳಿದುಬಿಡುತ್ತದೆ, ನಿಜ. ಅದನ್ನೂ ಬಿಟ್ಟುಬಿಡಿ. ಕೆಲವು ಗಂಟೆಗಳಲ್ಲಿ ನೀರು ವಾಪಸ್ ಬರುತ್ತದೆ. ಅಷ್ಟರಲ್ಲಿ ಬೆಳ್ಳಕ್ಕಿ ಬಂದು ತಿಂದರೆ, ಬೆಳ್ಳಕ್ಕಿಗೂ ಹಸಿವಿದೆ. ನಿಜವಾಗಿ ಉಪಕಾರ ಮಾಡಬೇಕು ಅಂತಿದ್ದರೆ, ತಿರುಗಿಸಿ ನೋಡಿದ ಕಲ್ಲನ್ನು ಮೊದಲಿದ್ದ ಹಾಗೇ ಮೆಲ್ಲಗೆ ಮಗುಚಿ ಇಡಿ. ಕಲ್ಲಿನ ಅಡಿಭಾಗಕ್ಕೆ ಅಂಟಿಕೊಂಡ ಜೀವಿಗಳಿಗೆ ನೆರಳು, ತೇವ ಎರಡೂ ಬೇಕು. ಬಿಸಿಲಿಗೆ ಮೇಲ್ಮುಖವಾಗಿ ಬಿಟ್ಟು ಹೋದರೆ ಒಣಗಿ ಸಾಯುತ್ತವೆ. ಖಾಲಿ ಕಂಡ ಶಂಖವನ್ನೂ ಜೇಬಿಗೆ ಹಾಕಿಕೊಳ್ಳಬೇಡಿ. ಸನ್ಯಾಸಿ ಏಡಿ ಬೆಳೆದಂತೆ ದೊಡ್ಡ ಚಿಪ್ಪು ಹುಡುಕಬೇಕು, ಸ್ವಂತ ಚಿಪ್ಪು ಕಟ್ಟಿಕೊಳ್ಳಲು ಅದಕ್ಕೆ ಬರುವುದಿಲ್ಲ.

ಯಾವಾಗ ಹೋದರೆ ಚೆನ್ನಾಗಿ ಕಾಣುತ್ತದೆ ಅಂತ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಅರ್ಧ ಜನ ಉಬ್ಬರದ ಹೊತ್ತಿಗೆ ಹೋಗಿ "ಏನೂ ಇರಲಿಲ್ಲ" ಅಂತ ವಾಪಸ್ ಬರುತ್ತಾರೆ. ಮನೆಯ ಪಂಚಾಂಗ ತೆಗೆಯಿರಿ. ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ, ಕೆಳಗಿನ ಹೊಂಡಗಳು ತೆರೆದುಕೊಳ್ಳುವುದೇ ಇಲ್ಲ. ದಿನಕ್ಕೆ ಎರಡು ಸಲ ಇಳಿತ, ಮತ್ತು ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ 6ಕ್ಕೆ ಪೂರ್ತಿ ಇಳಿದಿದ್ದರೆ ನಾಳೆ 6.50ರ ಹೊತ್ತಿಗೆ. ಮಂಗಳೂರಿಗಿಂತ ಕಾರವಾರದ ಕಡೆ ಏರಿಳಿತ ಜಾಸ್ತಿ, ಹಾಗಾಗಿ ನೋಡಲು ಸಿಗುವ ಬಂಡೆಯೂ ಜಾಸ್ತಿ. ಇಳಿತ ಮುಗಿಯುವುದಕ್ಕೆ ಒಂದು ಗಂಟೆ ಮೊದಲೇ ಹೋಗಿ, ನೀರು ತಿರುಗಿದ ಕೂಡಲೇ ಎದ್ದು ಬನ್ನಿ. ಮಳೆಗಾಲದಲ್ಲಿ ಆ ಕಡೆ ಹೋಗಲೇಬೇಡಿ, ಆಗಿನ ಅಲೆಗೆ ಬಂಡೆ ಮೇಲೆ ನಿಂತವರನ್ನು ಎಳೆದುಕೊಳ್ಳುವಷ್ಟು ಬಲ ಇರುತ್ತದೆ.

ಹೋದ ಮೇಲೆ ಒಂದೇ ಹೊಂಡ ಆರಿಸಿಕೊಳ್ಳಿ, ಮೊರದಷ್ಟು ಅಗಲ ಇದ್ದರೆ ಸಾಕು. ನಿಮ್ಮ ನೆರಳು ನೀರಿನ ಮೇಲೆ ಬೀಳದ ಹಾಗೆ ಕೂತುಕೊಳ್ಳಿ. ಐದು ನಿಮಿಷ ಅಲ್ಲಾಡಬೇಡಿ. ಸಾಮಾನ್ಯವಾಗಿ ಸನ್ಯಾಸಿ ಏಡಿ ಮೊದಲು ಹೊರಗೆ ಬರುತ್ತದೆ, ಆಮೇಲೆ ಸಂದಿಯಿಂದ ಆ ದಪ್ಪ ತಲೆ.