ಹಳೇ ಮನೆಗೆ ಒಂದೇ ವಯಸ್ಸಿರುವುದಿಲ್ಲ

ಹಳೇ ಪಟ್ಟಣಗಳಲ್ಲಿ ಬೀದಿಗೆ ಮುಖ ಮಾಡಿ ಒತ್ತೊತ್ತಾಗಿ ನಿಂತ ಮನೆಗಳ ಬಾಗಿಲ ಮೇಲೆ ಒಮ್ಮೊಮ್ಮೆ ಒಂದು ಇಸವಿ ಕೆತ್ತಿರುತ್ತದೆ. ನೋಡಿದವರು ಅದೇ ಮನೆ ಕಟ್ಟಿದ ವರ್ಷ ಎಂದುಕೊಳ್ಳುತ್ತಾರೆ. ಕಟ್ಟಡಗಳ ಇತಿಹಾಸ ಬಿಡಿಸುವವರು ಮಾತ್ರ ಆ ಕಲ್ಲನ್ನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಅದು ಮನೆಯವರ ಮದುವೆಯ ವರ್ಷ ಇರಬಹುದು. ಹೊಸ ಮಾಲೀಕ ರಿಪೇರಿ ಮಾಡಿಸಿದ ವರ್ಷ ಇರಬಹುದು. ಬೇರೆ ಮನೆ ಕೆಡವಿದಾಗ ಸಿಕ್ಕ ಕಲ್ಲನ್ನು ಚೆನ್ನಾಗಿದೆ ಅಂತ ತಂದು ಇಲ್ಲಿ ಕೂರಿಸಿದ್ದೂ ಇರಬಹುದು.

ನಿಜ ಹೇಳಬೇಕೆಂದರೆ ‘ಈ ಮನೆಗೆ ಎಷ್ಟು ವರ್ಷ?’ ಎನ್ನುವ ಪ್ರಶ್ನೆಯೇ ಸರಿ ಇಲ್ಲ. ನೆಲಮಾಳಿಗೆಗೆ ಒಂದು ವಯಸ್ಸು, ಛಾವಣಿಗೆ ಇನ್ನೊಂದು, ಬೀದಿ ಕಡೆಯ ಗೋಡೆಗೆ ಮತ್ತೊಂದು. ತಜ್ಞರು ಮೊದಲು ಹುಡುಕುವುದು ಇಸವಿಯನ್ನಲ್ಲ, ಸರದಿಯನ್ನು. ಯಾವ ಗೋಡೆ ಮೊದಲು ಬಂತು, ಯಾವುದು ಅದಕ್ಕೆ ಆತುಕೊಂಡು ಆಮೇಲೆ ಎದ್ದಿತು? ಸರದಿ ಗೊತ್ತಾದರೆ ಇಸವಿಗಳನ್ನು ಆಮೇಲೆ ಜೋಡಿಸಿಕೊಳ್ಳಬಹುದು. ಸರದಿಯೇ ತಪ್ಪಿದರೆ ಎಷ್ಟು ದುಬಾರಿ ಪರೀಕ್ಷೆ ಮಾಡಿಸಿದರೂ ದಂಡ.

ಮನೆಯಲ್ಲಿ ಅತಿ ಜಾಸ್ತಿ ಸುಳ್ಳು ಹೇಳುವ ಭಾಗ ಅದರ ಮುಂಗೋಡೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಇಟ್ಟಿಗೆ ಮನೆ ಎಂದರೆ ಅಂತಸ್ತು. ಆದರೆ ಪಟ್ಟಣದ ಬೀದಿಗಳ ತುಂಬ ಇದ್ದದ್ದು ಮರದ ಚೌಕಟ್ಟಿನ ಹಳೇ ಮನೆಗಳು. ಅವನ್ನು ಪೂರ್ತಿ ಕೆಡವಿ ಕಟ್ಟಿಸುವಷ್ಟು ದುಡ್ಡು ಎಲ್ಲರ ಹತ್ತಿರ ಎಲ್ಲಿಂದ ಬರಬೇಕು? ಹಾಗಾಗಿ ಎಷ್ಟೋ ಜನ ಬೀದಿ ಕಡೆಗೆ ಮಾತ್ರ ಒಂದು ಇಟ್ಟಿಗೆ ಗೋಡೆ ಎಬ್ಬಿಸಿದರು. ಒಳಗೆ ಹಳೇ ಮನೆ ಹಾಗೇ ಉಳಿಯಿತು. ಲೂಯಿಸ್, ಕ್ಯಾಂಟರ್ಬರಿಯಂಥ ಊರುಗಳಲ್ಲಿ ಇದಕ್ಕಿಂತಲೂ ಅಗ್ಗದ ಉಪಾಯ ಕಾಣುತ್ತದೆ. ಅಲ್ಲಿ ಗೋಡೆ ಇಟ್ಟಿಗೆಯದಲ್ಲ, ಇಟ್ಟಿಗೆಯ ಹಾಗೇ ಕಾಣುವಂತೆ ಒಂದರ ಮೇಲೊಂದು ತಗುಲಿಹಾಕಿದ ತೆಳು ಹೆಂಚುಗಳದ್ದು. ಇದಕ್ಕೆ ‘ಮ್ಯಾಥಮ್ಯಾಟಿಕಲ್ ಟೈಲ್’ ಎಂದು ಹೆಸರು. 1784ರಲ್ಲಿ ಇಟ್ಟಿಗೆ ಮೇಲೆ ಹೇರಿದ ತೆರಿಗೆ ತಪ್ಪಿಸಲು ಈ ಹೆಂಚು ಬಂತು ಎಂಬ ಕಥೆ ಬಹಳ ಜನಪ್ರಿಯ. ಕೇಳಲು ಚೆಂದ, ಆದರೆ ನಿಲ್ಲುವುದಿಲ್ಲ. ಹೆಂಚುಗಳ ಮೇಲೂ ಆಗಲೇ ತೆರಿಗೆ ಬಿದ್ದಿತ್ತು. ಮೇಲಾಗಿ ಇಂಥ ಹೆಂಚು ಹೊದ್ದ ಮನೆಗಳು ಅದಕ್ಕೂ ಮೊದಲೇ ಇದ್ದವು. ಹಳೇ ಮರದ ಗೋಡೆಗೆ ಭಾರವಾಗದೆ, ಮಳೆ ತಡೆದು, ಹೊಸ ಫ್ಯಾಷನ್ನಿನ ಮುಖ ಕೊಡುತ್ತಿತ್ತು ಎನ್ನುವುದೇ ಸಾಕಷ್ಟು ಕಾರಣ, ಅಲ್ವಾ?

ಮುಚ್ಚಿದ ಕಿಟಕಿಗಳದ್ದೂ ಇದೇ ಕಥೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳಿಗೆ ತೆರಿಗೆ ಇತ್ತು. ಇಟ್ಟಿಗೆ ತುಂಬಿ ಮುಚ್ಚಿದ ಕಿಟಕಿ ಕಂಡರೆ ‘ತೆರಿಗೆಗೆ ಹೆದರಿ ಮುಚ್ಚಿದ್ದು’ ಎಂದುಬಿಡುವುದು ಸುಲಭ. ಆದರೆ ಎಡ ಬಲ ಒಂದೇ ಥರ ಕಾಣಲಿ ಎಂದು ಕಟ್ಟುವಾಗಲೇ ಸುಳ್ಳು ಕಿಟಕಿ ಮಾಡುವ ರೂಢಿಯೂ ಇತ್ತು. ವ್ಯತ್ಯಾಸ ತಿಳಿಯಲು ಯಂತ್ರವೇನೂ ಬೇಕಿಲ್ಲ. ಕಿಟಕಿ ಜಾಗದ ಇಟ್ಟಿಗೆಗಳು ಅಕ್ಕಪಕ್ಕದ ಗೋಡೆಯ ಸಾಲುಗಳೊಂದಿಗೆ ಹೆಣೆದುಕೊಂಡಿದ್ದರೆ ಎರಡನ್ನೂ ಒಟ್ಟಿಗೆ ಕಟ್ಟಿದ್ದಾರೆ. ಮೇಲಿಂದ ಕೆಳಗೆ ನೆಟ್ಟಗೆ ಒಂದು ಸೀಳು ಕಂಡರೆ, ಅಲ್ಲಿ ನಿಜವಾದ ಕಿಟಕಿ ಇತ್ತು, ಆಮೇಲೆ ತುಂಬಿದರು. ಕಟ್ಟಡದ ಸರದಿ ಬಿಡಿಸುವ ಕೆಲಸದಲ್ಲಿ ಈ ನೆಟ್ಟನೆಯ ಸೀಳಿನಷ್ಟು ಉಪಕಾರಿ ಗುರುತು ಇನ್ನೊಂದಿಲ್ಲ.

ಮುಂಗೋಡೆ ಮೋಸ ಮಾಡಿದರೆ ಅಟ್ಟ ಹತ್ತಬೇಕು. ಅಲ್ಲಿಗೆ ನೆಂಟರು ಬರುವುದಿಲ್ಲ, ಹಾಗಾಗಿ ಯಾರೂ ಅದನ್ನು ಚಂದ ಮಾಡಲು ಹೋಗಿರುವುದಿಲ್ಲ. ಯುರೋಪಿನ ಎಷ್ಟೋ ಹಳೇ ಮನೆಗಳ ಛಾವಣಿಯ ತೊಲೆಗಳಿಗೆ ಕರೀ ಮಸಿ ಮೆತ್ತಿಕೊಂಡಿದೆ. ಬೆಂಕಿ ಬಿದ್ದಿದ್ದಲ್ಲ. ಮನೆಯ ಮಧ್ಯದ ದೊಡ್ಡ ಕೋಣೆಗೆ ಆಗ ಮಾಳಿಗೆಯೂ ಇರಲಿಲ್ಲ, ಚಿಮಣಿಯೂ ಇರಲಿಲ್ಲ. ನೆಲದ ಮೇಲೆ ಒಲೆ ಉರಿಯುತ್ತಿತ್ತು, ಹೊಗೆ ನೇರ ಛಾವಣಿಗೆ ಏರುತ್ತಿತ್ತು. ಚಿಮಣಿ ಬಂದ ಮೇಲೆ ಕೋಣೆಯ ನಡುವೆ ಮಾಳಿಗೆ ಹಾಕಿ ಎರಡು ಅಂತಸ್ತು ಮಾಡಿಕೊಂಡರು. ಕೆಳಗಿನ ಕೋಣೆ ಪೂರ್ತಿ ಬದಲಾದರೂ ಮೇಲಿನ ಮಸಿ ಹಳೇ ಮನೆಯ ಆಕಾರ ಹೇಳುತ್ತದೆ.

ತೊಲೆಗಳ ಮೇಲೆ ಬಡಗಿಗಳ ಬರಹವೂ ಇರುತ್ತದೆ. ಮರದ ಚೌಕಟ್ಟನ್ನು ಮೊದಲು ಕೆಲಸದ ಅಂಗಳದಲ್ಲಿ ನೆಲದ ಮೇಲೆ ಜೋಡಿಸಿ, ಬಿಚ್ಚಿ, ಸೈಟಿಗೆ ಸಾಗಿಸಿ ಮತ್ತೆ ನಿಲ್ಲಿಸುತ್ತಿದ್ದರು. ಯಾವ ತುಂಡು ಯಾವುದಕ್ಕೆ ಎಂದು ತಿಳಿಯಲು ಪ್ರತಿ ಕೀಲಿನ ಹತ್ತಿರ ರೋಮನ್ ಅಂಕಿ ಗೀಚುತ್ತಿದ್ದರು. ಉಳಿಯಿಂದ ಕೆತ್ತಲು ನೆಟ್ಟನೆ ಗೀಟುಗಳೇ ಸಲೀಸು. ಈಗ ಮನೆಯಲ್ಲಿ ಮೂರರಿಂದ ಆರರವರೆಗಿನ ಅಂಕಿಗಳು ಮಾತ್ರ ಕಂಡರೆ, ಒಂದು ಮತ್ತು ಎರಡನೇ ಅಂಕಣ ಎಲ್ಲಿ ಹೋದವು? ಬಹುಶಃ ಪಕ್ಕದ ಮನೆಯೊಳಗೆ ಸೇರಿಹೋಗಿವೆ, ಇಲ್ಲವೇ ಯಾವಾಗಲೋ ಕೆಡವಿದ್ದಾರೆ. ಹಾಗೇ ತೊಲೆಯಲ್ಲಿ ಗುಳಿ ಇದ್ದು ಅದರೊಳಗೆ ಏನೂ ಕೂತಿಲ್ಲ ಎಂದರೆ ಅಲ್ಲೊಂದು ಕಂಬವೋ ಗೋಡೆಯೋ ಇತ್ತು ಎಂದೇ ಅರ್ಥ. ಅಥವಾ ಆ ತೊಲೆ ಮೊದಲು ಬೇರೆ ಮನೆಯಲ್ಲಿತ್ತು.

ಇಷ್ಟಾದ ಮೇಲೆ ಇಸವಿಯ ಸರದಿ. ಮರಕ್ಕೆ ಇದರಲ್ಲಿ ಸಾಟಿ ಇಲ್ಲ. ಹವಾಮಾನ ಋತುಋತುವಿಗೆ ಬದಲಾಗುವ ಕಡೆ ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತದೆ. ಒಳ್ಳೆ ವರ್ಷ ಅಗಲದ್ದು, ಕೆಟ್ಟ ವರ್ಷ ಕಿರಿದು. ಒಂದೇ ಸೀಮೆಯ ಮರಗಳಲ್ಲಿ ಈ ಅಗಲ ಕಿರಿದುಗಳ ಸಾಲು ಹೆಚ್ಚುಕಡಿಮೆ ಒಂದೇ ಇರುತ್ತದೆ. ಹಾಗಾಗಿ ತೊಲೆಯ ಸಾಲನ್ನು ಇಸವಿ ಗೊತ್ತಿರುವ ಸಾಲಿಗೆ ಹೊಂದಿಸಿದರೆ ಅದರ ವರ್ಷ ಸಿಗುತ್ತದೆ. ಇದನ್ನು ವಿಜ್ಞಾನವಾಗಿ ನಿಲ್ಲಿಸಿದ ಎ. ಇ. ಡಗ್ಲಸ್ ಖಗೋಳ ವಿಜ್ಞಾನಿ. ಅಮೆರಿಕದ ಅರಿಜೋನಾದಲ್ಲಿ ಅವರು ಮರದ ಉಂಗುರಗಳಲ್ಲಿ ಹುಡುಕುತ್ತಿದ್ದದ್ದು ಸೂರ್ಯನ ಕಲೆಗಳ ಆವರ್ತನವನ್ನು! ಬದುಕಿದ್ದ ಮರಗಳಿಂದ ಹಿಂದಕ್ಕೆ ಕಟ್ಟಿದ ಸಾಲು ಒಂದಿತ್ತು. ಪಾಳುಬಿದ್ದ ಮನೆಗಳ ತೊಲೆಗಳಿಂದ ಕಟ್ಟಿದ ಇನ್ನೊಂದು ಸಾಲಿತ್ತು. ಎರಡೂ ಕೂಡುತ್ತಿರಲಿಲ್ಲ. 1929ರಲ್ಲಿ ಶೋ ಲೋ ಎಂಬಲ್ಲಿ ಸಿಕ್ಕ ಅರೆಸುಟ್ಟ ತೊಲೆಯೊಂದು ಎರಡನ್ನೂ ಬೆಸೆಯಿತು. ಅದಕ್ಕೆ ಕೊಟ್ಟ ನಂಬರು ಎಚ್‌ಎಚ್-39. ಅಲ್ಲಿಯವರೆಗೆ ಬರೀ ‘ಇದು ಅದಕ್ಕಿಂತ ಹಳೇದು’ ಎನ್ನಬಹುದಾಗಿದ್ದ ಮನೆಗಳಿಗೆ ಒಂದೇ ಏಟಿಗೆ ಇಸವಿಗಳು ಬಂದವು.

ಈ ವಿಧಾನದ ನಿಖರತೆ ಬೆರಗು ಹುಟ್ಟಿಸುತ್ತದೆ. ತೊಲೆಯ ಅಂಚಿನಲ್ಲಿ ತೊಗಟೆ ಉಳಿದಿದ್ದರೆ ಮರ ಕಡಿದ ವರ್ಷ ಮಾತ್ರವಲ್ಲ, ಚಳಿಗಾಲದಲ್ಲಿ ಕಡಿದರೋ ವಸಂತದಲ್ಲೋ ಎಂದೂ ಹೇಳಬಹುದು. ಸ್ವಿಟ್ಜರ್ಲೆಂಡಿನ ಶ್ವೀಜ್ ಪಟ್ಟಣದಲ್ಲಿ ‘ಬೆತ್ಲೆಹೆಮ್’ ಎಂಬ ಮರದ ಮನೆಯಿದೆ. ಅದರ ಕಾಲ 1287 ಎಂದು ತಿಳಿದದ್ದು ಉಂಗುರಗಳಿಂದಲೇ. ಸ್ವಿಸ್ ಒಕ್ಕೂಟದ ಹುಟ್ಟು ಎಂದು ಹೇಳುವ 1291ಕ್ಕಿಂತ ಆ ಮನೆ ನಾಲ್ಕು ವರ್ಷ ದೊಡ್ಡದು.

ಆದರೆ ಒಂದು ಮಾತು ನೆನಪಿರಬೇಕು. ಉಂಗುರ ಹೇಳುವುದು ಮರ ಸತ್ತ ವರ್ಷ, ಮನೆ ಹುಟ್ಟಿದ ವರ್ಷ ಅಲ್ಲ. ಓಕ್ ಮರವನ್ನು ಹಸಿಯಾಗಿರುವಾಗಲೇ ಕೊಯ್ದು ಕಟ್ಟುತ್ತಿದ್ದರು, ಏಕೆಂದರೆ ಒಣಗಿದರೆ ಉಳಿಗೆ ಬಗ್ಗದಷ್ಟು ಗಟ್ಟಿ. ಹಾಗಾಗಿ ಎರಡೂ ವರ್ಷಗಳ ನಡುವೆ ಅಂತರ ಸಾಮಾನ್ಯವಾಗಿ ಕಡಿಮೆ. ಬಡಗಿ ಹೊರಗಿನ ಮೆತ್ತನೆ ಬಿಳಿ ಭಾಗವನ್ನು ಕೆತ್ತಿ ಎಸೆದಿದ್ದರೆ ಲೆಕ್ಕ ಜಾರುತ್ತದೆ. ಆ ಭಾಗದಲ್ಲಿ ಹತ್ತು ಉಂಗುರ ಇದ್ದಿರಬಹುದು, ನಲವತ್ತೂ ಇದ್ದಿರಬಹುದು. ಇನ್ನು ಹಳೇ ಮನೆಯ ತೊಲೆಯನ್ನು ಹೊಸ ಮನೆಗೆ ಹಾಕಿದ್ದರಂತೂ ಉಂಗುರ ಪೂರ್ತಿ ದಾರಿ ತಪ್ಪಿಸುತ್ತದೆ. ಆಗ ಮತ್ತೆ ಖಾಲಿ ಗುಳಿಗಳನ್ನೇ ನೋಡಬೇಕು.

ಇಟ್ಟಿಗೆ ಮತ್ತು ಗಾರೆಗೂ ತಮ್ಮದೇ ಗಡಿಯಾರ ಇದೆ. ಇಟ್ಟಿಗೆ ಸುಟ್ಟಾಗ ಅದರೊಳಗಿನ ಮರಳಿನ ಕಣಗಳಲ್ಲಿ ಕೂಡಿದ್ದ ಶಕ್ತಿಯೆಲ್ಲ ಖಾಲಿಯಾಗಿ, ಮತ್ತೆ ನಿಧಾನವಾಗಿ ತುಂಬತೊಡಗುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಬೆಳಕಾಗಿ ಹೊರಡಿಸಿ ಅಳೆಯುತ್ತಾರೆ. ಸುಣ್ಣದ ಗಾರೆ ಗಟ್ಟಿಯಾಗುವಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರುತ್ತದೆ, ಅದರಲ್ಲಿನ ರೇಡಿಯೋಕಾರ್ಬನ್ (ಕಾಲ ಕಳೆದಂತೆ ಗೊತ್ತಾದ ವೇಗದಲ್ಲಿ ಕರಗುವ ಇಂಗಾಲ) ಎಷ್ಟು ಉಳಿದಿದೆ ಎಂದು ಎಣಿಸಬಹುದು. ಸರಿಯಾಗಿ ಬೇಯದ ಸುಣ್ಣಕಲ್ಲಿನ ಚೂರು ಬೆರೆತಿದ್ದರೆ ಗಾರೆಗೆ ಇಲ್ಲದ ವಯಸ್ಸು ಬರುತ್ತದೆ. ಇಟ್ಟಿಗೆಗೂ ಮರದ ರೋಗವೇ. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನ ಮಧ್ಯಯುಗದ ಚರ್ಚಿನ ಗೋಪುರಕ್ಕೆ ಬಳಸಿದ್ದು ಪಕ್ಕದ ರೋಮನ್ ಪಟ್ಟಣದ ಪಾಳಿನಿಂದ ಕಿತ್ತು ತಂದ ಇಟ್ಟಿಗೆಗಳು. ಬರೀ ಇಟ್ಟಿಗೆ ಪರೀಕ್ಷಿಸಿದರೆ ಗೋಪುರ ರೋಮನ್ನರದ್ದಾಗಿಬಿಡುತ್ತದೆ!

ಮೇಲಿನದೆಲ್ಲ ಮುಗಿದರೂ ಅರ್ಧ ಕಥೆ ನೆಲದ ಕೆಳಗೇ ಇರುತ್ತದೆ. ಇಟಲಿಯ ಪ್ರಾಚೀನ ಪಟ್ಟಣ ಪಾಂಪೇಯ ‘ಶಸ್ತ್ರವೈದ್ಯನ ಮನೆ’ ಇದಕ್ಕೆ ಒಳ್ಳೆಯ ಉದಾಹರಣೆ. ಹದಿನೆಂಟನೇ ಶತಮಾನದಲ್ಲಿ ಅಗೆದಾಗ ಅಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆಗಳು ಸಿಕ್ಕಿದ್ದರಿಂದ ಆ ಹೆಸರು. ದೊಡ್ಡ ಸುಣ್ಣಕಲ್ಲುಗಳ ಮುಂಗೋಡೆ ನೋಡಿ, ಅದು ಪಾಂಪೇಯ ಅತಿ ಹಳೇ ಮನೆಗಳಲ್ಲಿ ಒಂದು, ಕ್ರಿ.ಪೂ. ನಾಲ್ಕು ಅಥವಾ ಮೂರನೇ ಶತಮಾನದ್ದು ಎಂದು ಬಹುಕಾಲ ಎಲ್ಲರೂ ಒಪ್ಪಿದ್ದರು. ಕಲ್ಲಿನ ಶೈಲಿ ಹಾಗೆ ಹೇಳುತ್ತಿತ್ತು. 1990ರ ದಶಕದ ನಂತರ ನೆಲದ ಕೆಳಗೆ ಪದರ ಪದರವಾಗಿ ಅಗೆದು ನೋಡಿದಾಗ ಮನೆ ಕ್ರಿ.ಪೂ. 200ರ ಆಸುಪಾಸಿನದ್ದು ಎಂದಾಯಿತು. ಅದರ ಅಡಿಯಲ್ಲಿ ಇನ್ನೂ ಹಳೇ ಕಟ್ಟಡದ ಗುರುತೂ ಸಿಕ್ಕಿತು. ನೆಲದ ಕೆಳಗೆ ಸಿಗುವ ನಾಣ್ಯ, ಮಡಕೆ ಚೂರುಗಳ ತರ್ಕ ಸರಳ. ನಾಣ್ಯ ಟಂಕಿಸುವ ಮೊದಲೇ ಅದರ ಮೇಲೆ ನೆಲ ಹಾಸಿರಲು ಸಾಧ್ಯವಿಲ್ಲ. ಎಷ್ಟು ಆಮೇಲೆ ಎನ್ನುವುದನ್ನು ಮಾತ್ರ ನಾಣ್ಯ ಒಂದೇ ಹೇಳಲಾರದು.

ಪಟ್ಟಣದ ನೆಲ ಸುಮ್ನೆ ಇರುವುದೂ ಇಲ್ಲ, ಏರುತ್ತಾ ಹೋಗುತ್ತದೆ. ರಷ್ಯಾದ ನವ್ಗೊರೊದ್‌ನಲ್ಲಿ ಬೀದಿ ಕೆಸರಾದಾಗಲೆಲ್ಲ ಹಳೇ ದಿಮ್ಮಿಗಳ ಮೇಲೇ ಹೊಸ ದಿಮ್ಮಿ ಹಾಸುತ್ತಿದ್ದರು. 1951ರಲ್ಲಿ ಶುರುವಾದ ಉತ್ಖನನದಲ್ಲಿ ಒಂದೇ ಬೀದಿಯಲ್ಲಿ ಹೀಗೆ 28 ಹಾಸುಗಳು ಸಿಕ್ಕವು. ಉಂಗುರಗಳ ಲೆಕ್ಕದಲ್ಲಿ ಅವು 953ರಿಂದ 1462ರವರೆಗಿನವು. ಬೀದಿಯ ಜೊತೆ ಮನೆಗಳೂ ಮೇಲೆ ಬರಲೇಬೇಕಾಗಿತ್ತು.

ಉತ್ಖನನಕಾರರಿಗೆ ಅತಿ ಪ್ರಿಯವಾದ ಜಾಗ ಮಾತ್ರ ಹಿತ್ತಲಿನ ಕಕ್ಕಸು ಗುಂಡಿ. ನೀರು ನಿಂತು ಗಾಳಿಯಾಡದ ಕಾರಣ ಅಲ್ಲಿ ಬೀಜ, ಚರ್ಮ, ಮರ ಎಲ್ಲ ಉಳಿಯುತ್ತವೆ. ಜರ್ಮನಿಯ ಲ್ಯೂಬೆಕ್‌ನ ಮಧ್ಯಯುಗದ ಗುಂಡಿಗಳಿಂದ ಹುಳದ ಮೊಟ್ಟೆಗಳ ಡಿಎನ್‌ಎ ತೆಗೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 1300ರ ಹೊತ್ತಿಗೆ ಮೀನಿನಿಂದ ಬರುವ ಲಾಡಿಹುಳ ಕಡಿಮೆಯಾಗಿ, ದನದ ಮಾಂಸದಿಂದ ಬರುವ ಲಾಡಿಹುಳ ಜಾಸ್ತಿಯಾಗಿತ್ತು. ತಿನ್ನುವ ಪದ್ಧತಿ ಬದಲಾಯಿತೋ, ಮೀನು ಹಿಡಿಯುವ ನೀರೇ ಕೊಳಕಾಯಿತೋ? ಗೋಡೆ, ತೊಲೆ, ಇಟ್ಟಿಗೆ ಇಂಥ ಪ್ರಶ್ನೆಯನ್ನು ಎತ್ತುವುದೂ ಇಲ್ಲ.

ಅದೇ ಲ್ಯೂಬೆಕ್‌ನ ಹಳೇ ವ್ಯಾಪಾರಿಗಳ ಕೇರಿ 1942ರ ಮಾರ್ಚಿನಲ್ಲಿ ಬಾಂಬಿಗೆ ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಅಲ್ಲಿ ಶಾಲಾ ಕಟ್ಟಡಗಳು ಬಂದವು. ಅವನ್ನೂ ತೆಗೆದು, 2009ರಿಂದ ದೊಡ್ಡ ಮಟ್ಟದಲ್ಲಿ ಅಗೆದಾಗ ಇಟ್ಟಿಗೆ ನೆಲಮಾಳಿಗೆಗಳೂ, ಅವಕ್ಕಿಂತ ಹಿಂದಿನ ಹನ್ನೆರಡನೇ ಶತಮಾನದ ಮರದ ನೆಲಮಾಳಿಗೆಗಳೂ ಸಿಕ್ಕವು. ಮನೆಗಳು ಎಷ್ಟೋ ಸಲ ಬದಲಾಗಿದ್ದವು. ಸೈಟಿನ ಗಡಿ ಅಷ್ಟು ಬೇಗ ಬದಲಾಗುವುದಿಲ್ಲ, ಏಕೆಂದರೆ ಅದನ್ನು ಸರಿಸಬೇಕಾದರೆ ಪಕ್ಕದ ಮನೆಯವರೂ ಒಪ್ಪಬೇಕು. ಅಗೆತ ಮುಗಿದ ಮೇಲೆ ನಗರಾಡಳಿತ ಆ ಜಾಗವನ್ನು ಮಧ್ಯಯುಗದ ಸೈಟುಗಳ ಅಳತೆಯನ್ನೇ ಅನುಸರಿಸಿ ಹಂಚಿತು. ಈಗ ಅಲ್ಲಿ ಬೀದಿಗೆ ಕಿರಿದು ಮುಖ, ಹಿಂದಕ್ಕೆ ಉದ್ದ ಇರುವ ಹೊಚ್ಚ ಹೊಸ ಮನೆಗಳು ಎದ್ದಿವೆ.