ಡಬ್ಬಿ ಅರ್ಧಕ್ಕರ್ಧ ವಾಪಸ್ ಬರುತ್ತೆ, ಏನ್ ಮಾಡ್ಲಿ ಮಿಸ್?

ಪ್ರಶ್ನೆ: ಮಗ ಮೂರನೇ ಕ್ಲಾಸು. ಬೆಳಗ್ಗೆ ಬೇಗ ಎದ್ದು ಚಪಾತಿ ಪಲ್ಯ ಮಾಡಿ ಕಳಿಸ್ತೀನಿ, ಅರ್ಧ ಹಾಗೇ ವಾಪಸ್ ತರ್ತಾನೆ. ಬರ್ತಾ ದಾರೀಲಿ ಮಾತ್ರ ಚಿಪ್ಸ್ ಬೇಕೇ ಬೇಕು. ಹೇಗೆ ತಿನ್ಸೋದು?

ಪ್ರತಿ ಪೇರೆಂಟ್ಸ್ ಮೀಟಿಂಗಲ್ಲೂ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ. ನಾನು ನೋಡಿರೋ ಹಾಗೆ ಎಷ್ಟೋ ಸಲ ನಿಮ್ಮ ಅಡುಗೆದು ತಪ್ಪೇ ಇರಲ್ಲ ಕಣ್ರೀ, ಮಕ್ಕಳಿಗೆ ಟೈಮ್ ಸಾಲಲ್ಲ. ಬೆಲ್ ಹೊಡೀತು, ಕೈ ತೊಳೆಯೋಕೆ ಲೈನು, ಆಮೇಲೆ ಆ ಡಬ್ಬಿ, ನಾಲ್ಕೂ ಕಡೆ ಲಾಕ್ ಇರುತ್ತಲ್ಲ, ಅದು ಪುಟ್ಟ ಕೈಗೆ ಬಗ್ಗಲ್ಲ, "ಮಿಸ್ ತೆಗ್ದುಕೊಡಿ" ಅಂತ ಹತ್ತು ಜನ ನನ್ನ ಮುಂದೆ ನಿಂತಿರ್ತಾರೆ, ತೆಗೆದ್ರೆ ಒಳಗೆ ಚಪಾತಿ ಚರ್ಮದ ಥರ ಆಗಿರುತ್ತೆ. ಅಷ್ಟೊತ್ತಿಗೆ ಹೊರಗೆ ಫ್ರೆಂಡ್ಸು ಕೆರೆ-ದಡ ಶುರು ಮಾಡಿರ್ತಾರೆ. ಎಂಟು ವರ್ಷದ ಹುಡುಗ ಯಾವ್ದು ಬಿಡ್ತಾನೆ ನೀವೇ ಹೇಳಿ.

ಅದಕ್ಕೇ ಬೇಗ ತಿಂದು ಮುಗಿಯೋದು ಹಾಕಿ. ಪುಟ್ಟ ಪುಟ್ಟ ರಾಗಿ ದೋಸೆ, ಕಡಲೆಬೀಜ ಜಾಸ್ತಿ ಇರೋ ಚಿತ್ರಾನ್ನ, ಮೊಟ್ಟೆ ತಿನ್ನೋರಾದ್ರೆ ಬೇಯಿಸಿ ಸಿಪ್ಪೆ ಸುಲಿದು ಎರಡು ಹೋಳು ಮಾಡಿ. ಡಬ್ಬಿ ಮುಚ್ಚಳ ಮನೇಲೇ ಅವನ ಕೈಲಿ ತೆಗೆಸಿ ನೋಡಿ.

ಚಿಪ್ಸ್ ಹಟಾನ ಬರೀ ಚಪಲ ಅನ್ಕೋಬೇಡಿ. ಮಧ್ಯಾಹ್ನ ತಿಂದಿರಲ್ಲ, ಸ್ಕೂಲ್ ಬಿಟ್ಟಾಗ ಹೊಟ್ಟೆ ಚುರ್ ಅಂತಿರುತ್ತೆ, ಎದುರಿಗೇ ಪ್ಯಾಕೆಟ್ ನೇತಾಡ್ತಿರುತ್ತೆ. ಕರ್ಕೊಂಡು ಬರೋಕೆ ಹೋಗೋರು ಬ್ಯಾಗಲ್ಲಿ ಬಾಳೆಹಣ್ಣೋ, ಹುರಿಗಡಲೆ ಬೆಲ್ಲಾನೋ ಇಟ್ಕೊಳ್ಳಿ. ಅಂದಹಾಗೆ ದೇಶದ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐ ಸಂಸ್ಥೆಯ 2020ರ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿಂಡಿ ಸ್ಕೂಲ್ ಒಳಗಾಗ್ಲಿ ಗೇಟಿಂದ 50 ಮೀಟರ್ ಒಳಗಾಗ್ಲಿ ಮಾರೋ ಹಾಗಿಲ್ಲ. ನಮ್ಮ ಗೇಟಿಂದ ಅಂಗಡೀಗೆ ನಾನೇ ಅಳೆದೆ, ಮೂವತ್ತೇ ಹೆಜ್ಜೆ!

ನನ್ನ ತಂಗಿ ಸರ್ಕಾರಿ ಶಾಲೆ ಟೀಚರ್, ಅವಳಿಗೆ ಈ ತಲೆನೋವು ಕಮ್ಮಿ. ಬಿಸಿಯೂಟಕ್ಕೆ ಒಂದರಿಂದ ಐದನೇ ಕ್ಲಾಸಿನ ಮಗೂಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಅಂತ ಲೆಕ್ಕಾನೇ ಇದೆ, 2013ರಿಂದ ಕ್ಷೀರಭಾಗ್ಯದ ಹಾಲು, ಈಗ ಮೊಟ್ಟೆ, ತಿನ್ನದೋರಿಗೆ ಬಾಳೆಹಣ್ಣು. ಆದ್ರೆ ಅವಳು ಹೇಳೋದು ಬೇರೆ: ಎಲ್ಲರೂ ಸಾಲಾಗಿ ಕೂತು ಬಿಸಿ ಅನ್ನ ಸಾರು ತಿಂತಾರೆ, ಪಕ್ಕದವನು ತಿಂದ್ರೆ ಇವನೂ ತಿಂತಾನೆ.

ಇನ್ನೊಂದು, ಆಡದೇ ಇದ್ರೆ ಹಸಿವು ಎಲ್ಲಿಂದ ಬರ್ಬೇಕು? 5ರಿಂದ 17 ವಯಸ್ಸಿನ ಮಕ್ಕಳು ದಿನಕ್ಕೆ 60 ನಿಮಿಷ ಮೈ ಬೆವರೋ ಹಾಗೆ ಓಡಾಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಒಂದೇ ಸಲ ಆಗ್ಬೇಕಿಲ್ಲ, ಸ್ಕೂಲಿಗೆ ಬಿರಬಿರನೆ ನಡೆದದ್ದೂ ಸೇರುತ್ತೆ, ಸಂಜೆ ಕುಂಟೆಬಿಲ್ಲೆ, ಲಗೋರಿ, ಏನಾದ್ರೂ ಸರಿ. ಆಡಿ ಬಂದ ದಿನ ರಾತ್ರಿ ಅನ್ನ ಕೇಳಿ ಹಾಕಿಸ್ಕೋತಾನೆ, ನೋಡಿ ಬೇಕಾದ್ರೆ. ಮೀಟಿಂಗಲ್ಲಿ ಮಾರ್ಕ್ಸ್ ಕೇಳೋದು ಇದ್ದಿದ್ದೇ, ಹೋದ ವಾರ ಪಿಟಿ ಪೀರಿಯಡಲ್ಲಿ ಮ್ಯಾಥ್ಸ್ ತಗೊಂಡೋರು ಯಾರು ಅಂತಾನೂ ಕೇಳಿ. ನಾವು ಸ್ವಲ್ಪ ತಡಬಡಾಯಿಸ್ತೀವಿ, ಬಿಡಬೇಡಿ.